ಕಾಶಿನಾಥನ ಫೋನಿನಲ್ಲಿದ್ದ ಒಡಪು

ಶಾಂಭವಿಗೆ ಬಾಯಿಲ್ಲ ಎಂದು ಅಣ್ಣಿಗೇರಿಯಲ್ಲಿ ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾಯಿಲ್ಲದವಳೇ ಅವಳು? ಬಸ್ ಸ್ಟ್ಯಾಂಡ್ ರಸ್ತೆಯ ನನ್ನ ಹೊಲಿಗೆ ಅಂಗಡಿಗೆ ಬಂದು ಕೂತಳೆಂದರೆ ಮಷಿನ್ನಿನ ಸಪ್ಪಳ ನನಗೇ ಕೇಳಿಸುತ್ತಿರಲಿಲ್ಲ. ಸೀರೆಗೆ ಕುಚ್ಚು ಕಟ್ಟುವುದು ಅವಳ ಕೆಲಸ. ನಾನು ರವಿಕೆ ಹೊಲಿಯುತ್ತಿದ್ದೆ, ಅವಳು ಸೆರಗಿನ ಎಳೆ ಬಿಡಿಸಿ ಗಂಟು ಹಾಕುತ್ತಿದ್ದಳು. ಕೈ ಎಷ್ಟು ಚುರುಕೋ ಬಾಯಿ ಅದರ ಎರಡರಷ್ಟು. "ಏ ಹುಡುಗಿ, ಸ್ವಲ್ಪ ಉಸಿರರ ತಗೋ. ನಿನ್ನ ಮಾತು ಕೇಳ್ಕೋತ ಗೌಡ್ರ ಸೊಸಿ ರವಿಕಿಗೆ ಎರಡೂ ಎಡತೋಳ ಹಚ್ಚಿಬಿಟ್ಟೀನಿ" ಎಂದು ನಾನು ಬೈದರೆ, "ಹಚ್ರಿ ನರ್ಮದಕ್ಕಾ, ಅಕಿಗೂ ಬಲಗೈ ಕೆಲಸ ಅಷ್ಟಕ್ಕಷ್ಟ ಐತಿ" ಎನ್ನುತ್ತಿದ್ದಳು.

ಅವಳು ಕಲಘಟಗಿ ಕಡೆಯ ದುಮ್ಮವಾಡದವಳು. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಇಲ್ಲಿಗೆ ಬಂದಳು. ನಮ್ಮೂರ ಎರೆಮಣ್ಣಿಗೆ ಅವಳು ಇಟ್ಟ ಹೆಸರುಗಳನ್ನು ನಾನಿಲ್ಲಿ ಬರೆಯುವಂತಿಲ್ಲ. ಒಂದು ಮಳೆ ಬಿದ್ದರೆ ಸಾಕು, ಮಣ್ಣಿನ ಮುದ್ದೆಯಾದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದು, "ಇದೇನ್ ಊರೋ, ಅಂಟ ಹಚ್ಚಿದ ಲಕ್ಕೋಟಿನೋ?" ಎಂದು ಬಾಗಿಲಲ್ಲೇ ಕೂಗುತ್ತಿದ್ದಳು.

ಇಂಥವಳು ತನ್ನ ಮಾವ ಈರಬಸಪ್ಪನವರ ಎದುರಿಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ತಲೆಯ ಮೇಲೆ ಸೆರಗು, ನೆಲದ ಮೇಲೆ ಕಣ್ಣು. ಅವರೇನು ಗದರಿಸುವವರಲ್ಲ, ದೇವರಂಥ ಮನುಷ್ಯ. ಕಡಲೆ ವ್ಯಾಪಾರ ಮಾಡಿಕೊಂಡು, ಬೆಳಿಗ್ಗೆ ಲಿಂಗಪೂಜೆಯಾಗದೆ ಚಹಾ ಸಹ ಮುಟ್ಟದವರು. ಆದರೆ ಆ ಮನೆಯ ರೀತಿ ಹಾಗೆ. ಸೊಸೆ ಮಾವನೊಂದಿಗೆ ನೇರ ಮಾತಾಡಬಾರದು. ಹೇಳುವುದಿದ್ದರೆ ಅತ್ತೆ ಸುಶೀಲವ್ವನ ಕಿವಿಯಲ್ಲಿ ಹೇಳಬೇಕು, ಅತ್ತೆ ಅದನ್ನು ಪಡಸಾಲೆಗೆ ಮುಟ್ಟಿಸಬೇಕು. ಮಾವನಿಗೆ ಇನ್ನೊಂದು ರೊಟ್ಟಿ ಬೇಕೋ ಬೇಡವೋ ಎಂಬುದೂ ಹೀಗೆ ಸುತ್ತು ಹಾಕಿಯೇ ತಿಳಿಯಬೇಕು. "ಇದೆಂಥಾ ಪದ್ಧತಿನ ಮಾರಾಯ್ತಿ!" ಎಂದು ನಾನು ಎಷ್ಟೋ ಸಲ ರೇಗಿದ್ದೇನೆ. ಅವಳು ನಕ್ಕು, "ನಮ್ಮತ್ತೀನೂ ಹಂಗ ಇದ್ರಂತ್ರಿ" ಎನ್ನುತ್ತಿದ್ದಳು.

ಗಂಡ ಕಾಶಿನಾಥ ಹತ್ತಿ ಗಿರಣಿಯಲ್ಲಿ ಕಾಟಾದ, ಅಂದರೆ ತಕ್ಕಡಿಯ, ಮುಂದೆ ನಿಂತು ತೂಕ ಮಾಡುವವ. ಅವನಿಗೆ ನಿಜವಾಗಿಯೂ ಮಾತು ಬರುತ್ತಿರಲಿಲ್ಲ, ಅಷ್ಟು ನಾಚಿಕೆಯವನು. ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದರೆ ಅಂಗಡಿಯೊಳಗೆ ಕಾಲಿಡದೆ ಹೊರಗೆ ಬೈಕಿನ ಹಾರ್ನ್ ಬಾರಿಸುತ್ತಿದ್ದ. ಅವಳನ್ನು ಕರೆಯುವುದು "ಏ", ಇಲ್ಲವೆ "ಇಲ್ಲಿ ಕೇಳು". ಅವಳ ಹೆಸರು ಅವನ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ, ಅವಳೂ ಸೇರಿ. ಫೋಟೋ ತೆಗೆಯಲು ಹೋದರೆ ಮುಖ ತಿರುಗಿಸುವವ. ಮದುವೆಯ ವಿಡಿಯೋದಲ್ಲಿ ಇದ್ದಾನೆ ನಿಜ, ಆದರೆ ಅದಕ್ಕೆ ಪೂರ್ತಿ ಸಿನಿಮಾ ಹಾಡು ಹಚ್ಚಿದ್ದಾರೆ. ಮನುಷ್ಯರ ಮಾತು ಒಂದೂ ಇಲ್ಲ. ವಾಟ್ಸಾಪಿನಲ್ಲೂ ಅವನು ಹೆಬ್ಬೆಟ್ಟು ಕಳಿಸುತ್ತಿದ್ದನೇ ಹೊರತು ಮಾತು ಕಳಿಸಿದವನಲ್ಲ.

ಶಾಂಭವಿ ಬಸುರಿಯಾದಾಗ ಅವಳಿಗೆ ತೊಡಿಸುವ ಹಸಿರು ಕುಬಸವನ್ನು ನಾನೇ ಹೊಲಿದೆ. ಕುಬಸದ ಕಾರ್ಯದ ದಿನ, ಅಂದರೆ ಸೀಮಂತದ ದಿನ, ಓಣಿಯ ಹೆಂಗಸರೆಲ್ಲ ಸೇರಿ, "ಗಂಡನ ಹೆಸರ ಹೇಳವಾ, ಹೇಳಿದ್ರ ಉಡಿ ತುಂಬ್ತೀವಿ" ಎಂದು ಗಂಟುಬಿದ್ದರು. ನಮ್ಮ ಕಡೆ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ, ಪ್ರಾಸ ಕಟ್ಟಿ ಒಡಪು ಹಾಕಿ ಅದರೊಳಗೆ ಹೇಳಬೇಕು. ಶಾಂಭವಿ ಒಂದಲ್ಲ, ಮೂರು ಒಡಪು ಹಾಕಿ ಎಲ್ಲರನ್ನೂ ನಗಿಸಿದಳು. ಅವತ್ತು ಸಂಜೆ ಗಂಡ ಮನೆಗೆ ಬಂದಾಗ ಅವನನ್ನು ಕಾಡಿದಳಂತೆ: "ನಾ ಓಣಿ ಮಂದಿ ಮುಂದ ನಿಮ್ಮ ಹೆಸರ ಹೇಳೀನಿ. ನೀವು ನನ್ನೊಬ್ಬಾಕಿ ಮುಂದರ ನನ್ನ ಹೆಸರ ಹೇಳ್ರಿ ನೋಡೂಣು."

ಅವನು ಮುಖ ಕೆಂಪಗೆ ಮಾಡಿಕೊಂಡು ಮಾಳಿಗೆ ಹತ್ತಿ ಹೋದ. ಎಷ್ಟೋ ಹೊತ್ತಿನ ಮೇಲೆ ಇಳಿದು ಬಂದು, ಏನೂ ಅನ್ನದೆ, ತನ್ನ ಫೋನನ್ನು ಅವಳ ಕೈಯಲ್ಲಿಟ್ಟು ಹೊರಗೆ ಹೋಗಿಬಿಟ್ಟ. ಎದುರಿಗೆ ನಿಂತು ಹೇಳಲಾಗದ್ದನ್ನು ಮೇಲೆ ಒಬ್ಬನೇ ನಿಂತು ಫೋನಿಗೆ ಹೇಳಿದ್ದ.

"ಹತ್ತಿ ತೂಗಾಕ ಕಾಟಾ ಐತಿ, ಕಲ್ಲ ಐತಿ, ಲೆಕ್ಕ ಐತಿ;
ಶಾಂಭವಿನ್ನ ತೂಗಾಕ ನನ್ನ ಕಡೆ ಏನೈತಿ?"

ಆಮೇಲೆ ಒಂದು ಸಣ್ಣ ನಗು. ಅಷ್ಟೇ. ಹಲ್ಲಿ ಲೊಚಗುಟ್ಟಿದಷ್ಟು ಹೊತ್ತು.

ಅದಾಗಿ ತಿಂಗಳೊಪ್ಪತ್ತಿನಲ್ಲಿ ಕಾಶಿನಾಥ ಹೋದ. ಗಿರಣಿಯಿಂದ ಬರುವಾಗ ಗದಗ ರಸ್ತೆಯಲ್ಲಿ ಲಾರಿ ಬಡಿಯಿತು. ಬೈಕು ನುಚ್ಚುನೂರಾಗಿತ್ತು, ಅಂಗಿಯ ಕಿಸೆಯಲ್ಲಿದ್ದ ಫೋನಿಗೆ ಒಂದು ಗೀರು ಸಹ ಬಿದ್ದಿರಲಿಲ್ಲ. ದೇವರಿಗೆ ಏನನ್ನು ಉಳಿಸಬೇಕು ಎಂಬ ಬುದ್ಧಿಯೇ ಇಲ್ಲ ಎಂದು ನಾನು ಅವತ್ತು ದೇವರ ಮನೆಯಲ್ಲೇ ನಿಂತು ಬೈದೆ. ಶಾಂಭವಿಗೆ ತವರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಕೂಸನ್ನು ಎತ್ತಿಕೊಂಡು ಮರಳಿ ಅತ್ತೆಯ ಮನೆಗೇ ಬಂದಳು, ಕುಚ್ಚು ಕಟ್ಟಲು ಮತ್ತೆ ನನ್ನ ಅಂಗಡಿಗೂ ಬಂದಳು. ಮಾತು ಮಾತ್ರ ಅರ್ಧಕ್ಕಿಳಿದಿತ್ತು.

ಫೋನಿನಲ್ಲಿದ್ದ ಆ ಒಡಪಿನ ಸಂಗತಿ ಆಗ ನನಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಇದನ್ನು ಓದುವವರಿಗೆ ನಾನು ಮೊದಲೇ ಹೇಳುತ್ತಿದ್ದೇನೆ, ಅಷ್ಟೇ. ಶಾಂಭವಿ ದಿನಾ ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಿ, ಒಳಕೋಣೆಯ ಬಾಗಿಲು ಮುಂದಕ್ಕೆ ಎಳೆದುಕೊಂಡು, ಫೋನನ್ನು ಕೂಸಿನ ಕಿವಿಯ ಹತ್ತಿರ ಇಡುತ್ತಿದ್ದಳು. ಅಪ್ಪನೆಂದರೆ ಆ ಕೂಸಿಗೆ ಆ ಎರಡು ಸಾಲೇ. ದನಿ ಬಂದರೆ ಕೂಸು ಮೊಲೆ ಬಿಟ್ಟು ತಲೆ ತಿರುಗಿಸುತ್ತಿತ್ತಂತೆ. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಶಾಂಭವಿಯದು ಗುಂಡಿಯ ಸಣ್ಣ ಫೋನು. ಬೇರೆಯವರಿಗೆ ಕಳಿಸುವುದಂತೂ ಕನಸಿನ ಮಾತು. ಗಂಡ ತನಗೆ ಹೀಗೆಂದ ಎಂದು ಯಾರ ಮುಂದೆ ತೋರಿಸಬೇಕು?

ಒಂದು ದಿನ ಆ ಫೋನು ಹೊಸ ಸಾಫ್ಟ್‌ವೇರ್ ಹಾಕಲೇ ಎಂದು ಕೇಳಿತು. ಅವಳು ಹೂಂ ಎಂದು ಒತ್ತಿದಳು. ಅರ್ಧಕ್ಕೆ ಕರೆಂಟು ಹೋಯಿತು, ಹಳೆಯ ಬ್ಯಾಟರಿ ಕೈಕೊಟ್ಟಿತು. ಮತ್ತೆ ಚಾಲೂ ಮಾಡಿದರೆ ಕರಿಯ ಪರದೆಯ ಮೇಲೆ ಕೆಂಪು ಗುರುತು, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಈ ಫೋನು ಕೆಟ್ಟಿದೆ, ಇದನ್ನು ನಂಬಲು ಬರುವುದಿಲ್ಲ ಎಂದು ಅದರ ಅರ್ಥ. ಎಷ್ಟು ಸಲ ಬಂದ್ ಮಾಡಿ ಚಾಲೂ ಮಾಡಿದರೂ ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ.

ಅವಳು ಅಳುವುದನ್ನು ಈರಬಸಪ್ಪ ನೋಡಿದರು. ಏನಾಯಿತೆಂದು ಹೆಂಡತಿಯಿಂದ ಕೇಳಿಸಿದರು. ಫೋನು ಕೆಟ್ಟಿತು, ಹೀಗೆ ಹೀಗೆ ಬರೆದುಕೊಂಡಿದೆ ಎಂಬಷ್ಟು ಸುಶೀಲವ್ವನ ಮೂಲಕ ಪಡಸಾಲೆಗೆ ಬಂತು. ಉಳಿದದ್ದು ಒಳಕೋಣೆಯಲ್ಲೇ ಉಳಿಯಿತು. ಆ ಮನುಷ್ಯ ಅಂಗಿ ತೊಟ್ಟು, ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, ಸೊಸೆಯನ್ನು ಹಿಂದೆ ಕರೆದುಕೊಂಡು, ಬಿಸಿಲಲ್ಲಿ ನಡೆದು ಹಾರೂನನ ಅಂಗಡಿಗೆ ಬಂದರು. ಅವರು ಮಾಡಿದ್ದೆಲ್ಲ ಅಕ್ಕರೆಯಿಂದಲೇ. ನನಗೆ ಇವತ್ತಿಗೂ ಸಂಕಟವಾಗುವುದು ಅದೇ. ಒಬ್ಬ ಕೆಟ್ಟವನಿದ್ದಿದ್ದರೆ ನಾಲ್ಕು ಬೈದು ಹಗುರಾಗುತ್ತಿದ್ದೆ.

ಹಾರೂನನ ಮೊಬೈಲ್ ಅಂಗಡಿ ನನ್ನ ಬಾಜುವೇ. ನಡುವೆ ಒಂದು ತಗಡು, ಅವನು ಸೀನಿದರೆ ನಾನು ಇಲ್ಲಿಂದ ಹರಸಬೇಕು. ಒಳ್ಳೆಯ ಹುಡುಗ. ಆದರೆ ಒಂದು ಪದ್ಧತಿ ಇದೆ ಅವನಿಗೆ. ಫೋನು ರಿಪೇರಿಯಾದರೆ ಒಳಗಿನ ಹಾಡು, ಮಾತು, ಏನಿದ್ದರೂ ಗಿರಾಕಿಯ ಮುಂದೆ ದೊಡ್ಡ ದನಿಯಲ್ಲಿ ಹಚ್ಚಿ, "ನೋಡ್ರಿ, ಎಲ್ಲಾ ಐತಿ" ಎಂದು ತೋರಿಸಿಯೇ ಕೊಡುವುದು. ಹಿಂದೆ ಯಾವುದೋ ಗಿರಾಕಿ ಜಗಳ ತೆಗೆದ ಮೇಲೆ ಹಿಡಿದ ರೂಢಿ. ರಸ್ತೆಯವರಿಗೆಲ್ಲ ಅದು ಗೊತ್ತು, ಶಾಂಭವಿಗೂ.

"ಕಾಕಾರ," ಎಂದ ಹಾರೂನ್ ಫೋನನ್ನು ತಿರುಗಿಸಿ ನೋಡಿ, "ಫೋನ್ ಚಾಲೂ ಆಗೂಮುಂದ ಮೊದಲ ತನ್ನನ್ನ ತಾನ ತಪಾಸ್ ಮಾಡ್ಕೊಂತೈತ್ರಿ. ಕಂಪನಿಯವ್ರು ಹೆಂಗ ಹಾಕಿದ್ರೋ ಹಂಗ ಐತೋ ಇಲ್ಲೋ ಅಂತ. ಒಂದ ಚೂರ ಫರಕ್ ಕಂಡ್ರ ಹಿಂಗ ಕೆಂಪ ತೋರಿಸಿ ನಿಂತ ಬಿಡತೈತಿ."

"ದುರಸ್ತ ಆಗತೈತೇನಪಾ?"

"ಆಗತೈತ್ರಿ. ಎರಡ ದಾರಿ ಅದಾವು. ಒಳಗಿಂದು ಇದ್ದಂಗ ಇಟ್ಟು ಮ್ಯಾಲ ಸಾಫ್ಟ್‌ವೇರ್ ಹಾಕಿ ನೋಡಬಹುದು. ಟೈಮ್ ಹಿಡೀತೈತಿ, ಮತ್ತ ಈ ಅಕ್ಷರ ತಿರುಗಿ ಬಂದ್ರೂ ಬರಬಹುದು. ಇಲ್ಲಾ ಅಂದ್ರ ಎಲ್ಲಾ ಅಳಿಸಿ ಹೊಸಾದ್ರಗತೆ ಮಾಡೂದು. ಅದು ಗ್ಯಾರಂಟಿ, ಆದ್ರ ಒಳಗಿಂದೇನೂ ಉಳಿಯಂಗಿಲ್ಲ. ಏನರ ಬೇಕಾದ್ದು ಐತೇನ್ರಿ ಇದರಾಗ?"

"ಏನೈತಿ? ಫೋಟೋ ಎಲ್ಲಾ ನಮ್ಮ ತಮ್ಮನ ಮಗನ ಕಡೆ ಅದಾವು." ಈರಬಸಪ್ಪ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ನನ್ನ ಮಗಾ ಕಾಟಾದ ಮುಂದ ನಿಂತು ಯಾರಿಗೂ ಒಂದ ಎಳಿ ಹತ್ತಿಯಷ್ಟು ಮೋಸ ಮಾಡಿದಾಂವಲ್ಲ. ಅವನ ಫೋನಿಗೆ ನಂಬಬ್ಯಾಡ್ರಿ ಅಂತ ಬರಕೊಂಡೈತಿ! ಅಳಿಸಿ ಬಿಡು ಎಲ್ಲಾ. ಆ ಅಕ್ಷರ ಮತ್ತ ನಮ್ಮ ಮನ್ಯಾಗ ಕಾಣಬಾರದು."

ಹಾರೂನ್ ಅಷ್ಟಕ್ಕೆ ಬಿಡಲಿಲ್ಲ. ಕಟ್ಟೆಯ ಅಂಚಿಗೆ ನಿಂತಿದ್ದ ಶಾಂಭವಿಯ ಕಡೆ ನೋಡಿ, "ವೈನಿ, ನೀವ ಹೇಳ್ರಿ. ಏನರ ಉಳಿಸೂದೈತೇನು?" ಎಂದ.

ನಾನು ಮಷಿನ್ ನಿಲ್ಲಿಸಿ ನೋಡುತ್ತಿದ್ದೆ. ಅವಳ ತುಟಿ ಅಲುಗಿತು. ಈರಬಸಪ್ಪ ಸಹ ಹಿಂತಿರುಗಿ, ಅಗದಿ ಮೆತ್ತಗೆ, "ಏನರ ಇದ್ರ ಹೇಳವಾ" ಎಂದರು. ಆ ಹೊತ್ತಿಗೆ ಅವಳ ತಲೆಯಲ್ಲಿ ಏನೇನು ಓಡಿತೋ ಆಮೇಲೆ ನನಗೆ ಹೇಳಿದಳು. ಇದೆ ಎಂದರೆ ಏನಿದೆ ಎಂದು ಕೇಳುತ್ತಾರೆ. ಹೇಳಿದರೆ ಹಾರೂನ್ ಅದನ್ನು ಉಳಿಸುತ್ತಾನೆ, ಉಳಿಸಿದ ಮೇಲೆ ದೊಡ್ಡ ದನಿಯಲ್ಲಿ ಹಚ್ಚುತ್ತಾನೆ. ನಡುರಸ್ತೆಯಲ್ಲಿ, ಮಾವನ ಎದುರಿಗೆ, ಸತ್ತ ಗಂಡ ತನ್ನ ಹೆಸರು ಹೇಳುತ್ತಾನೆ. ಶಾಂಭವಿ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡು, ಏನೂ ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಕದ ತೆಗೆಯುವ ಮೊದಲೇ ಬಂದು ನಿಂತಿದ್ದಳು. ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ನೆಪಕ್ಕೆ ಒಂದು ಸೀರೆ. "ನರ್ಮದಕ್ಕಾ, ಹಾರೂನಣ್ಣಗ ಹೇಳ್ರಿ. ಅಳಸಬ್ಯಾಡಂತ ಹೇಳ್ರಿ. ನಿಮ್ಮ ಕಾಲ ಹಿಡೀತೀನಿ." ಎಲ್ಲವನ್ನೂ ಅಲ್ಲಿಯೇ, ಮುಚ್ಚಿದ ಕದದ ಮುಂದೆಯೇ ಹೇಳಿದಳು. ರಾತ್ರಿಯೆಲ್ಲ ಒಬ್ಬಳೇ ಬರಲು ನೆಪ ಹುಡುಕಿದ್ದಳಂತೆ.

ಹಾರೂನ್ ಆಗಲೇ ಅಂಗಡಿಯಲ್ಲಿದ್ದ. ನಾನು ಓಡಿದೆ. ಫೋನು ಅವನ ಟೇಬಲ್ಲಿನ ಮೇಲೆ ಬೆಳಗುತ್ತಿತ್ತು. ಕೆಂಪಿಲ್ಲ, ಕರಿ ಇಲ್ಲ. ಅಂಗಡಿಯಿಂದ ಈಗಷ್ಟೇ ತಂದ ಫೋನಿನ ಹಾಗೆ, ಯಾವ ಭಾಷೆ ಬೇಕು ಎಂದು ಕೇಳುತ್ತಿತ್ತು.

"ಕಾಕಾರು ಪಾಪ ಬಿಸಲಾಗ ನಡಕೊಂಡ ಬಂದಿದ್ರು. ಮತ್ತ ಎರಡ ಸಲ ತಿರುಗಸೂದು ಬ್ಯಾಡಂತ ನಿನ್ನೆ ಸಂಜೀಗೇ ಮಾಡಿಟ್ಟೆ" ಎಂದ ಹಾರೂನ್ ನಗುತ್ತ.

ಆ ಹುಡುಗನನ್ನು ನಾನು ಬಾಯಿಗೆ ಬಂದ ಹಾಗೆ ಬೈದೆ. ನಿನಗ ಕಣ್ಣಿಲ್ಲೇನು, ಅಕಿ ಮಾರಿ ನೋಡಿ ತಿಳೀಲಿಲ್ಲೇನು, ಏನ್ ಅಂಥಾ ಅರ್ಜೆಂಟಿತ್ತು ನಿನಗ ಎಂದೆಲ್ಲ. ಅವನಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದ ಮೇಲೆ ಅಲ್ಲಿಯೇ ಸ್ಟೂಲಿನ ಮೇಲೆ ಕುಸಿದ. "ನಾ ಕೇಳಿದ್ನೆಲ್ರಿ ನರ್ಮದಕ್ಕಾ. ವೈನಿಗೆ ಬೇರೇನ ಕೇಳಿದ್ನೆಲ್ಲಾ." ಕೇಳಿದ್ದ. ಅವನ ತಪ್ಪು ಒಂದು ಕಾಳಷ್ಟೂ ಇರಲಿಲ್ಲ, ಆದರೂ ಬೈದೆ.

ಅವನು ಅವತ್ತು ಬೇರೆ ಯಾವ ಗಿರಾಕಿಯನ್ನೂ ಮಾತಾಡಿಸಲಿಲ್ಲ. ಹುಬ್ಬಳ್ಳಿಯ ದೊಡ್ಡ ಅಂಗಡಿಯವರಿಗೆ ಫೋನ್ ಹಚ್ಚಿ ಕೇಳಿದ. ಕಾಶಿನಾಥನ ಖಾತೆ ತೆರೆದು ಹುಡುಕಿದ. ಫೋಟೋಗಳೆಲ್ಲ ಸಾಲುಸಾಲಾಗಿ ತಿರುಗಿ ಬಂದವು. ಹತ್ತಿ ತುಂಬಿದ ಅಂಡಿಗೆಗಳ ಫೋಟೋ, ಕಾಟಾ ಚೀಟಿಗಳ ಫೋಟೋ, ಯಾರದೋ ಎತ್ತಿನ ಫೋಟೋ. ಆ ದನಿ ಬರಲಿಲ್ಲ. ಒಳಗಿನದನ್ನೆಲ್ಲ ಈ ಫೋನುಗಳು ಬೀಗ ಹಾಕಿ ಇಟ್ಟಿರುತ್ತವಂತೆ. ಅಳಿಸುವಾಗ ಬೀಗದ ಕೈ ಸಹ ಹೋಗಿಬಿಡುತ್ತದಂತೆ. ಶಾಂಭವಿ ನನ್ನ ಅಂಗಡಿಯ ಮೂಲೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಅಳಲಿಲ್ಲ. ಕೂಸು ಕುಚ್ಚಿನ ದಾರ ಬಾಯಿಗೆ ಹಾಕಿಕೊಂಡರೂ ಅವಳಿಗೆ ಖಬರಿರಲಿಲ್ಲ.

ಸಂಜೆ ನೆಟ್ಟಗೆ ಈರಬಸಪ್ಪನವರ ಮನೆಗೆ ಹೋಗಿ, ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದೆ. "ನಿಮ್ಮ ಮನೀ ಪದ್ಧತಿ ಇತ್ತಲ್ಲ ಈರಬಸಪ್ನವರ, ಅದು ನಿಮ್ಮ ಮಗನ್ನ ಇನ್ನೊಂದ ಸಲ ಒಯ್ದದ ನೋಡ್ರಿ" ಎಂದೆ. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅದರ ಮಡಿಕೆಯನ್ನು ಬಿಚ್ಚುತ್ತ ಮತ್ತೆ ಮಡಚುತ್ತ ಕೂತರು.

ಆಮೇಲೆ ಕೆಲವು ದಿನ ಅವರು ಕಡಲೆಯ ಅಡತಿ ಅಂಗಡಿಗೂ ಹೋಗಲಿಲ್ಲವಂತೆ. ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದು, "ನರ್ಮದಾಬಾಯಾರ, ಒಂದೀಟ ಮನೀಗೆ ಬರ್ರಿ. ನೀವಿದ್ರ ನನಗ ಧೈರ್ಯ" ಎಂದರು. ಯಾಕೆಂದು ದಾರಿಯಲ್ಲಿ ಹೇಳಲಿಲ್ಲ.

ಪಡಸಾಲೆಯಲ್ಲಿ ಕೂತು ಮಗನ ಫೋನನ್ನು ನನ್ನ ಕೈಗೆ ಕೊಟ್ಟರು. ಶಾಂಭವಿ ಎಂದಿನಂತೆ ಒಳಕೋಣೆಯ ಬಾಗಿಲ ಹಿಂದೆ, ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಅವರು ನನ್ನ ಕಡೆ ನೋಡುತ್ತ ಅವಳಿಗೆ ಕೇಳುವ ಹಾಗೆ ಹೇಳಿದರು: "ನನ್ನ ದನಿ ಅವನ ದನಿ ಒಂದ ಥರಾ ಇದ್ದೂವ್ರಿ. ನಾ ಗಿರಣಿಗೆ ಫೋನ್ ಮಾಡಿದ್ರ ಮಾಲಕರು ಕಾಶಿ ಅಂತ ತಿಳದು ಮಾತಾಡ್ತಿದ್ರು. ಆ ಎರಡ ಸಾಲ ನನಗ ಹೇಳಿ ಕೊಡ್ರಿ. ನಾ ಅಂತೀನಿ, ನೀವು ಇದರಾಗ ಹಿಡೀರಿ. ಕೂಸಿಗೆ ಏನ ತಿಳೀತೈತಿ, ಅಪ್ಪನ ದನಿ ಅಂತ ತಿಳಕೊಂತೈತಿ."

ಮಾವ ಸೊಸೆಯ ಹೆಸರಿಗೆ ಒಡಪು ಹಾಕುವುದೆಂದರೇನು! ನಮ್ಮ ಕಡೆ ಅದು ಕೇಳಿಲ್ಲದ ಮಾತು. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಬಾಗಿಲ ಕಡೆ ನೋಡಿದೆ. ಅಲ್ಲಿಂದ ಹೂಂ ಎಂದೂ ಬರಲಿಲ್ಲ, ಉಹೂಂ ಎಂದೂ ಬರಲಿಲ್ಲ. ನಾನು ಆ ಸಾಲುಗಳನ್ನು ಮೆಲ್ಲಗೆ ಹೇಳಿಕೊಟ್ಟು, ಫೋನಿನಲ್ಲಿ ರೆಕಾರ್ಡ್ ಒತ್ತಿದೆ.

ಅವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಹತ್ತಿ ತೂಗಾಕ ಕಾಟಾ ಐತಿ, ಕಲ್ಲ ಐತಿ, ಲೆಕ್ಕ ಐತಿ…"

ಅವನದೇ ದನಿ. ಅಡಿಗೆಮನೆಯಲ್ಲಿ ಏನೋ ಕೈಜಾರಿ ಬಿತ್ತು. ಸುಶೀಲವ್ವ ಹಿಟ್ಟಿನ ಕೈಯಲ್ಲಿ ಓಡಿ ಬಂದು, "ಕಾಶೀ?" ಎಂದು ನಡುಮನೆಯಲ್ಲಿ ನಿಂತಳು. ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು, ಹಾಗೆಯೇ ಕಂಬ ಹಿಡಿದು ಕೂತಳು. ಒಳಕೋಣೆಯಲ್ಲಿ ಕೂಸು ಖುಷಿಯಿಂದ ಕೇಕೆ ಹಾಕಿತು.

ಇನ್ನು ಎರಡನೆಯ ಸಾಲು. ಅದು ಅವಳ ಹೆಸರಿನಿಂದಲೇ ಶುರುವಾಗಬೇಕು. ಈರಬಸಪ್ಪ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕಡೆಗೆ ಹೆಸರು ಬಂತು, ಆದರೆ ಗಂಡ ಕರೆಯುವ ಹಾಗಲ್ಲ.

"ಶಾಂಭವವ್ವಾ… ತಪ್ಪಾತವಾ. ನನ್ನಿಂದ ಆಗೂದಿಲ್ಲವಾ ಇದು."

ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮಗನನ್ನು ಮಣ್ಣು ಮಾಡಿದ ದಿನ ಸಹ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೂ ತಡೆಯಲಾಗಲಿಲ್ಲ. ಇಂಥದ್ದೊಂದು ಉಳಿಯುವುದು ಬೇಡವೆಂದು ನಾನು ರೆಕಾರ್ಡ್ ನಿಲ್ಲಿಸಿ, ಅದನ್ನು ತೆಗೆದುಹಾಕಲು ಹೋದೆ. ಕಣ್ಣೀರಿನಲ್ಲಿ ಯಾವುದನ್ನು ಒತ್ತಬೇಕೆಂದು ಸರಿಯಾಗಿ ಕಾಣಲಿಲ್ಲ. "ಇದನ್ನ ತಗದುಬಿಡ್ಲೇನ್ರಿ?" ಎಂದೆ. ಈರಬಸಪ್ಪ ಮುಖ ಮುಚ್ಚಿಕೊಂಡೇ ಹೂಂ ಎಂದು ತಲೆ ಆಡಿಸಿದರು.

ಶಾಂಭವಿ ಬಾಗಿಲು ದಾಟಿ ಪಡಸಾಲೆಗೆ ಬಂದಳು. ಸೆರಗು ತಲೆಯಿಂದ ಜಾರಿ ಹೆಗಲ ಮೇಲೆ ಬಿದ್ದಿತ್ತು, ಎತ್ತಿಕೊಳ್ಳಲಿಲ್ಲ. ಕೂಸನ್ನು ಮಾವನ ತೊಡೆಯ ಮೇಲೆ ಇಳಿಸಿ, ನನ್ನ ಕೈಯಿಂದ ಫೋನು ಕಸಿದುಕೊಂಡು, ಆ ಮನೆಗೆ ಬಂದ ಮೇಲೆ ಮೊದಲ ಸಲ ಅವರ ಮುಖ ನೋಡಿ, ಗಟ್ಟಿಯಾಗಿ ಅಂದಳು:

"ಬ್ಯಾಡ್ರಿ ಮಾವಾರ. ಅಳಸಬ್ಯಾಡ್ರಿ. ನನಗ ಬೇಕ್ರಿ ಅದು."